ಬಿಲ ಯಾರದು, ತೋಡಿದವರು ಯಾರು?

ಇಂಗ್ಲಿಷಿನ ‘ಬರೋ’ ಎಂಬ ಪದಕ್ಕೆ ನಿಘಂಟಿನಲ್ಲಿ ಅರ್ಥ ಹುಡುಕುವುದು ಕಷ್ಟವೇನಲ್ಲ. ನಾಮಪದವಾದರೆ ಬಿಲ, ಕ್ರಿಯಾಪದವಾದರೆ ಬಿಲ ತೋಡು. ಮಕ್ಕಳಿಗಾಗಿ ಪ್ರಾಣಿಗಳ ಪುಸ್ತಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದ ಅನುವಾದಕಿ ಈ ಎರಡು ಅರ್ಥಗಳನ್ನು ಇಟ್ಟುಕೊಂಡೇ ಕೆಲಸ ಶುರುಮಾಡಿದ್ದಳು. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮೊಲ, ಗೂಬೆ, ಆಮೆ, ಎರೆಹುಳು, ಹಡಗಿನ ಮರ ಕೊರೆಯುವ ಹುಳು, ಕಜ್ಜಿಯ ಹುಳು ಎಲ್ಲವೂ ಆ ಒಂದೇ ಪದದೊಳಗೆ ಬಂದು ಸೇರಿಕೊಂಡಿದ್ದವು. ಅವಳು ಹಸ್ತಪ್ರತಿ ಹಿಡಿದುಕೊಂಡು, ಪಿಯುಸಿಯಲ್ಲಿ ತನಗೆ ಜೀವಶಾಸ್ತ್ರ ಕಲಿಸಿದ, ಈಗ ನಿವೃತ್ತರಾಗಿ ಗದ್ದೆ ನೋಡಿಕೊಂಡು ಊರಿನಲ್ಲೇ ಇರುವ ಮೇಷ್ಟ್ರ ಮನೆಗೆ ಹೋದಳು.

“ಸರ್, ಮೊದಲ ವಾಕ್ಯದಲ್ಲೇ ತೊಡಕು,” ಅಂದಳು. “‘ನಾಯಿಯನ್ನು ಕಂಡ ಮೊಲ ಓಡಿ ಬಿಲ ಸೇರಿತು’ ಅಂತ ಬರೆದಿದ್ದೇನೆ. ಮೂಲದಲ್ಲಿರುವುದೂ ಇಷ್ಟೇ. ಆದರೂ ಓದಿದಾಗ ಎಲ್ಲೋ ತಪ್ಪಿದಂತೆ ಕಾಣುತ್ತದೆ.”

“ಕಾಣಲೇಬೇಕಲ್ಲಮ್ಮ,” ಅಂದರು ಮೇಷ್ಟ್ರು. “ನಮ್ಮ ಹೊಲದ ಮೊಲ ಬಿಲಕ್ಕೆ ನುಗ್ಗಿದ್ದನ್ನು ನೀನು ನೋಡಿದ್ದೀಯಾ? ಅದು ಪೊದೆಯಿಂದ ಪೊದೆಗೆ ಹಾರಿ, ಅಡ್ಡಾದಿಡ್ಡಿ ಓಡಿ ತಪ್ಪಿಸಿಕೊಳ್ಳುತ್ತದೆ. ಬಿಲ ತೋಡುವುದು ಅದರ ಜಾಯಮಾನದಲ್ಲೇ ಇಲ್ಲ. ಹುಲ್ಲನ್ನು ಒತ್ತಿ, ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು ಅದರಲ್ಲಿ ಮಲಗುತ್ತದೆ, ಅಷ್ಟೇ. ನಿನ್ನ ಪುಸ್ತಕದಲ್ಲಿರುವುದು ಯುರೋಪಿನ ಇನ್ನೊಂದು ಪ್ರಾಣಿ. ಇಂಗ್ಲಿಷಿನವರು ಅದನ್ನು ರ್‍ಯಾಬಿಟ್ ಅನ್ನುತ್ತಾರೆ, ನಮ್ಮ ಮೊಲದಂಥದ್ದನ್ನು ಹೇರ್ ಅನ್ನುತ್ತಾರೆ. ನಾವು ಎರಡಕ್ಕೂ ಮೊಲ ಎಂದೇ ಹೇಳುತ್ತೇವೆ. ಪೇಟೆಯಲ್ಲಿ ಪಂಜರದೊಳಗೆ ಸಾಕುವ ಬಿಳಿ ಮೊಲಗಳ ಮೂಲವೂ ಆ ಯುರೋಪಿನ ಜಾತಿಯೇ.”

“ಎರಡೂ ಉದ್ದ ಕಿವಿಯ ಪ್ರಾಣಿಗಳೇ ಅಲ್ಲವೇ ಸರ್? ಮಕ್ಕಳಿಗೆ ಇಷ್ಟು ವ್ಯತ್ಯಾಸ ಬೇಕೇ?”

“ಬೇಕು. ಬಿಲ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಆ ಪ್ರಾಣಿಯ ಬಾಳೇ ನಿಂತಿದೆ. ಬಿಲದೊಳಗೆ ಹುಟ್ಟುವ ಮರಿಗೆ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ತೆರೆದಿರುವುದಿಲ್ಲ. ಬೆಚ್ಚಗಿನ ಕತ್ತಲಲ್ಲಿ ತಾಯಿ ಹಾಸಿದ ಹುಲ್ಲು ಮತ್ತು ತುಪ್ಪಳದ ಮೇಲೆ ಬಿದ್ದಿರುತ್ತದೆ. ಬಯಲಲ್ಲಿ ಹುಟ್ಟುವ ನಮ್ಮ ಮೊಲದ ಮರಿ ತುಪ್ಪಳ ಹೊದ್ದುಕೊಂಡೇ ಹುಟ್ಟುತ್ತದೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಅದನ್ನು ಕಾಯಲು ಸುತ್ತ ಗೋಡೆಯಿಲ್ಲ, ಅದಕ್ಕೇ. ಒಂದು ಮರಿಯನ್ನು ನೋಡಿದರೆ ಅದರ ಮನೆ ಎಂಥದ್ದು ಎಂದು ಹೇಳಿಬಿಡಬಹುದು.”

ಅನುವಾದಕಿ ವಾಕ್ಯದ ಪಕ್ಕದಲ್ಲಿ ‘ಬಿಲಮೊಲ’ ಎಂದು ಬರೆದುಕೊಂಡಳು. ಮೇಷ್ಟ್ರು ಅದನ್ನು ಓದಿ ತಲೆಯಾಡಿಸಿದರು. “ಇದು ನಡೆಯುತ್ತದೆ. ಒಮ್ಮೆ ಅಡಿಟಿಪ್ಪಣಿಯಲ್ಲಿ ಹೇಳಿಬಿಡು, ಆಮೇಲೆ ಮಕ್ಕಳೇ ಹಿಡಿದುಕೊಳ್ಳುತ್ತಾರೆ.”

ಮಾತು ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಯಿತು. ಬಿಲವೆಂದರೆ ಏನು ಎನ್ನುವುದನ್ನು ಒಂದು ದೇಶವೇ ದುಬಾರಿ ಬೆಲೆ ತೆತ್ತು ಕಲಿತ ಕಥೆ ಅದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲಗಳನ್ನು ತರಿಸಿಕೊಂಡ. ವಿಕ್ಟೋರಿಯಾದ ಬಾರ್ವನ್ ಪಾರ್ಕ್ ಎಂಬ ತನ್ನ ಜಮೀನಿನಲ್ಲಿ ಅವು ಹರಡಿಕೊಂಡವು. ಮುಂದಿನ ಕೆಲವೇ ದಶಕಗಳಲ್ಲಿ ಅವು ಖಂಡದ ಬಹುಭಾಗ ದಾಟಿ, ಹುಲ್ಲುಗಾವಲುಗಳನ್ನು ಬೋಳು ಮಾಡಿದವು.

“ಬೇಲಿ ಹಾಕಿದರು ಅಂತ ಕೇಳಿದ್ದೇನೆ ಸರ್.”

“ಹಾಕಿದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1901ರಿಂದ 1907ರವರೆಗೆ, 1,800 ಕಿಲೋಮೀಟರಿಗಿಂತಲೂ ಉದ್ದದ ಬೇಲಿ. ಕೆಲಸ ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿಯಾಗಿತ್ತು. 1950ರಲ್ಲಿ ಮಿಕ್ಸೊಮಾ ಎಂಬ ವೈರಸ್ ಹರಡಿಸಿದರು. ಕೋಟಿಗಟ್ಟಲೆ ಸತ್ತವು. ಬದುಕಿ ಉಳಿದವುಗಳಲ್ಲಿ ರೋಗ ತಡೆದುಕೊಳ್ಳುವ ಶಕ್ತಿ ಬೆಳೆಯಿತು, ಸಂತತಿ ಮತ್ತೆ ಚೇತರಿಸಿಕೊಂಡಿತು. ಕೊನೆಗೆ ಅಲ್ಲಿನ ರೈತರಿಗೆ ಮನವರಿಕೆಯಾದದ್ದು ಇದು: ಮೊಲವನ್ನು ಕೊಂದು ಬಿಲವನ್ನು ಬಿಟ್ಟರೆ ಇನ್ನೊಂದು ಮೊಲ ಬಂದು ಅದೇ ಬಿಲದಲ್ಲಿ ಸಂಸಾರ ಹೂಡುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಬಿಲದೊಳಗೆ ತಂಪು ಮತ್ತು ತೇವ ಇರುತ್ತದೆ. ಆ ತಂಪಿಲ್ಲದೆ ಅಲ್ಲಿ ಮರಿ ಬದುಕುವುದು ಕಷ್ಟ. ಹಾಗಾಗಿ ಟ್ರ್ಯಾಕ್ಟರಿಗೆ ಉದ್ದನೆಯ ಕಬ್ಬಿಣದ ಹಲ್ಲುಗಳನ್ನು ಕಟ್ಟಿ, ಬಿಲಗಳ ಜಾಲವನ್ನೇ ಆಳದಿಂದ ಸೀಳುವ ಪದ್ಧತಿ ಬಂತು. ಗಟ್ಟಿ ನೆಲದಲ್ಲಿ ಹೊಸ ಬಿಲ ತೋಡುವುದು ಮೊಲಕ್ಕೂ ಸುಲಭವಲ್ಲ. ಸೀಳಿದ ಜಾಗಕ್ಕೆ ಅವು ಬೇಗ ಮರಳುವುದಿಲ್ಲ.”

“ಅಂದರೆ ಬಿಲ ಅನ್ನುವುದು ಆಸ್ತಿ.”

“ಪಿತ್ರಾರ್ಜಿತ ಆಸ್ತಿ. ಒಂದು ತಲೆಮಾರು ತೋಡಿದ್ದನ್ನು ಮುಂದಿನ ತಲೆಮಾರು ಅನುಭವಿಸುತ್ತದೆ, ಇನ್ನಷ್ಟು ಬೆಳೆಸುತ್ತದೆ.”

‘ಬರೋ’ ಪದದ ಹುಟ್ಟಿನಲ್ಲೂ ಕಾಯುವ ನೆಲೆ ಎಂಬ ಅರ್ಥ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಬುರ್ಗ್’ ಎಂದರೆ ಕೋಟೆ, ಭದ್ರಪಡಿಸಿದ ನೆಲೆ. ಎಡಿನ್‌ಬರ, ಹ್ಯಾಂಬರ್ಗ್ ಮುಂತಾದ ಊರ ಹೆಸರುಗಳ ಕೊನೆಯಲ್ಲಿ ಉಳಿದಿರುವುದು ಅದರ ಬಳಗವೇ. ನ್ಯೂಯಾರ್ಕ್ ನಗರದ ಐದು ಭಾಗಗಳಿಗೆ ಇಂದಿಗೂ ಹೇಳುವ ‘ಬರೊ’ ಕೂಡ ಅದರಿಂದ ಬಂದದ್ದು. ಪ್ರಾಣಿಯ ‘ಬರೋ’ ಅದೇ ಪದದ ಇನ್ನೊಂದು ರೂಪವಿರಬೇಕು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇದರ ಹಿಂದಿರುವ ಧಾತುವಿಗೆ ಕಾಪಾಡು, ಮರೆಮಾಡು ಎಂಬ ಅರ್ಥ. ಹೂಳುವುದಕ್ಕೆ ಇಂಗ್ಲಿಷಿನಲ್ಲಿರುವ ‘ಬೆರಿ’ ಎಂಬ ಕ್ರಿಯಾಪದವೂ ಅದೇ ಧಾತುವಿನ ಸಂಬಂಧಿ. ನಾಮಪದ ಮೊದಲು ಬಂದದ್ದು, ತೋಡು ಎಂಬ ಕ್ರಿಯೆಯ ಅರ್ಥ ಶತಮಾನಗಳ ಬಳಿಕ ಸೇರಿದ್ದು.

“ಲ್ಯಾಟಿನ್ನಿನಲ್ಲಿ ಇನ್ನೂ ಸೊಗಸು,” ಅಂದರು ಮೇಷ್ಟ್ರು. “‘ಕುನಿಕುಲುಸ್’ ಅಂದರೆ ಮೊಲವೂ ಹೌದು, ನೆಲದಡಿಯ ಸುರಂಗವೂ ಹೌದು. ಕೋಟೆಯ ಬುಡಕ್ಕೆ ಸೈನಿಕರು ಕೊರೆಯುವ ಸುರಂಗಕ್ಕೂ ರೋಮನ್ನರು ಅದೇ ಪದ ಬಳಸುತ್ತಿದ್ದರು. ಬಿಲದಲ್ಲಿ ವಾಸಿಸುವ ಅಮೆರಿಕದ ಗೂಬೆಯೊಂದಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ‘ಕುನಿಕುಲೇರಿಯಾ’ ಅಂತ ಇದೆ. ನಿನ್ನ ಪುಸ್ತಕದ ಗೂಬೆ ಅದೇ.”

ಅನುವಾದಕಿ ಪುಟ ತಿರುಗಿಸಿ ಪಟ್ಟಿಯೊಂದನ್ನು ತೋರಿಸಿದಳು. ಇಂಗ್ಲಿಷಿನವರು ಒಂದೊಂದು ಪ್ರಾಣಿಯ ಬಿಲಕ್ಕೂ ಒಂದೊಂದು ಹೆಸರಿಟ್ಟುಕೊಂಡಿದ್ದಾರೆ. ಮೊಲಗಳ ಬಿಲಗಳ ಜಾಲ ‘ವಾರನ್’, ಬ್ಯಾಜರ್‌ನದು ‘ಸೆಟ್’, ನರಿಯದು ‘ಅರ್ತ್’, ನೀರುನಾಯಿಯದು ‘ಹೋಲ್ಟ್’. ಹೇರ್ ಮಲಗುವ ಹುಲ್ಲಿನ ತಗ್ಗಿಗೆ ‘ಫಾರ್ಮ್’. “ಇಷ್ಟಕ್ಕೂ ಕನ್ನಡದಲ್ಲಿ ಹೊಸ ಪದ ಹುಟ್ಟಿಸಬೇಕೇ ಸರ್?”

“ಬೇಡ. ಅವುಗಳಲ್ಲಿ ಕೆಲವು ಬೇಟೆಗಾರರ ಪದಗಳು. ಯಾವ ಪ್ರಾಣಿಯನ್ನು ಎಲ್ಲಿ ಹುಡುಕಬೇಕು ಎನ್ನುವವರಿಗೆ ಬೇಕಾಗಿದ್ದವು. ನಮಗೆ ಬೇಕಾದದ್ದು ಒಳಗೆ ಏನಿದೆ ಎನ್ನುವುದು. ಬ್ಯಾಜರ್ ವಿಷಯವನ್ನೇ ತೆಗೆದುಕೋ. ಅದರ ಬಿಲ ಹಲವು ತಲೆಮಾರುಗಳ ಕೆಲಸ. ಹತ್ತಾರು ಬಾಯಿಗಳು, ಮಲಗುವ ಕೋಣೆಗಳು, ಒಳಗೆ ಒಣಹುಲ್ಲಿನ ಹಾಸಿಗೆ. ಹಾಸಿಗೆ ಹಳತಾದರೆ ಹೊರಗೆಳೆದು ಹಾಕಿ ಹೊಸ ಹುಲ್ಲು ಒಯ್ಯುತ್ತದೆ. ಬ್ರಿಟನ್ನಿನಲ್ಲಿ ಬ್ಯಾಜರ್ ರಕ್ಷಣೆಗೆ 1992ರ ಕಾಯಿದೆ ಇದೆ. ಪ್ರಾಣಿಯನ್ನು ಮುಟ್ಟದೆ ಅದರ ಬಿಲವನ್ನು ಕೆಡಿಸಿದರೂ, ಬಿಲದ ಬಾಯಿ ಮುಚ್ಚಿದರೂ ಅಪರಾಧ. ಮನೆ ಕಟ್ಟುವವರು, ರಸ್ತೆ ಮಾಡುವವರು ಮೊದಲು ಪರವಾನಗಿ ಪಡೆಯಬೇಕು.”

ಇಷ್ಟು ಹೊತ್ತಿಗೆ ಮೇಷ್ಟ್ರಿಗೆ ಕೂತು ಹೇಳುವುದು ಸಾಕೆನಿಸಿತ್ತು. ಇಬ್ಬರೂ ಗದ್ದೆಯ ಬದುವಿಗೆ ಬಂದರು. ಭತ್ತ ತೆನೆಬಿಟ್ಟಿತ್ತು. ಬದುವಿನ ಮಗ್ಗುಲಲ್ಲಿ ಪುಡಿಮಣ್ಣಿನ ಒಂದು ಗುಡ್ಡೆ. ಸುತ್ತಲಿನ ನೆಲ ಒಣಗಿ ಬಿಳಿಚಿಕೊಂಡಿದ್ದರೆ ಆ ಮಣ್ಣು ಮಾತ್ರ ಕಪ್ಪಾಗಿ, ತೇವವಾಗಿ, ಉಂಡೆಯುಂಡೆಯಾಗಿತ್ತು. ತೂತು ಎಲ್ಲೂ ಕಾಣಲಿಲ್ಲ.

“ಬಿಲ ಎಲ್ಲಿದೆ ಸರ್?”

“ಅದೇ ಬಿಲ. ಒಳಗಿನಿಂದ ಮಣ್ಣು ತುಂಬಿ ಬಾಯಿ ಮುಚ್ಚಿದೆ. ಇದು ಹೆಗ್ಗಣದ ಕೆಲಸ, ಗದ್ದೆಯಲ್ಲಿರುವ ಸಣ್ಣ ಜಾತಿಯದ್ದು. ಮಣ್ಣು ಹಸಿಯಾಗಿದ್ದರೆ ಒಡೆಯ ಒಳಗಿದ್ದಾನೆ ಅಂತ ಲೆಕ್ಕ. ಹಾವು ನುಗ್ಗದಿರಲಿ, ನೀರು ಬರದಿರಲಿ ಅಂತ ಹೀಗೆ ಅಗುಳಿ ಹಾಕಿಕೊಳ್ಳುತ್ತದೆ. ಒಳಗೆ ಕವಲು ದಾರಿಗಳು, ಒಂದು ಗೂಡು, ಕಣಜದ ಕೋಣೆಗಳು. ತೆನೆಯನ್ನು ಕತ್ತರಿಸಿ ಒಯ್ದು ಅಲ್ಲಿ ಕೂಡಿಡುತ್ತದೆ. ತಮಿಳುನಾಡಿನ ಇರುಳರು ಇಂಥ ಬಿಲಗಳನ್ನು ಅಗೆದು ಇಲಿ ಹಿಡಿಯುವುದರ ಜೊತೆಗೆ ಆ ಭತ್ತವನ್ನೂ ಹೊರತೆಗೆಯುತ್ತಾರೆ. ಎಲ್ಲಿ ಅಗೆಯಬೇಕು, ಎಲ್ಲಿ ತಪ್ಪಿಸಿಕೊಳ್ಳುವ ಬಾಯಿ ಇರುತ್ತದೆ ಎನ್ನುವುದು ಅವರಿಗೆ ಮೇಲಿನಿಂದ ನೋಡಿದರೇ ತಿಳಿಯುತ್ತದೆ.”

ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿರುವ ‘ಬ್ಯಾಂಡಿಕೂಟ್’ ತೆಲುಗಿನ ಪಂದಿಕೊಕ್ಕುವಿನಿಂದ ಬಂದದ್ದು, ಹಂದಿಯಂಥ ಇಲಿ ಎಂದು ಅದರ ಅರ್ಥ. ಆ ಹೆಸರು ಇಲ್ಲಿಂದ ಆಸ್ಟ್ರೇಲಿಯಾಕ್ಕೂ ಹೋಗಿ, ಇಲಿಗೆ ಏನೇನೂ ಸಂಬಂಧವಿಲ್ಲದ, ಹೊಟ್ಟೆಚೀಲದ ಒಂದು ಪ್ರಾಣಿಗೆ ಅಂಟಿಕೊಂಡಿದೆ.

“ಈ ಬಿಲಕ್ಕೇ ಆಮೇಲೆ ಹಾವು ಬರುವುದು, ಅಲ್ಲವೇ?”

“ಹೌದು. ನಾಗರಹಾವು, ಕೇರೆಹಾವು ಬಿಲ ತೋಡುವುದಿಲ್ಲ. ಕಾಲಿಲ್ಲ, ಉಗುರಿಲ್ಲ, ಹೇಗೆ ತೋಡೀತು? ಇಲಿಯನ್ನು ತಿಂದು ಇಲಿಯ ಮನೆಯಲ್ಲೇ ಉಳಿಯುತ್ತದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಅಂತ ಗಾದೆಯೇ ಇದೆಯಲ್ಲ. ಆ ಗಾದೆ ಹೇಳಿದವರು ಕಣ್ಣಿಟ್ಟು ನೋಡಿದವರು. ನಿನ್ನ ಪುಸ್ತಕದಲ್ಲಿ ‘ಹಾವಿನ ಬಿಲ’ ಅಂತ ಬಂದರೆ ‘ಹಾವಿರುವ ಬಿಲ’ ಅಂತ ಬರೆ. ತೋಡಿದವರು ಬೇರೆ, ಇರುವವರು ಬೇರೆ.”

ತೋಡುವವರು ಮತ್ತು ಇರುವವರು ಬೇರೆಯಾಗುವುದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅಮೆರಿಕದ ಆಗ್ನೇಯ ರಾಜ್ಯಗಳ ಗೋಫರ್ ಆಮೆ. ಫ್ಲಾರಿಡಾ, ಜಾರ್ಜಿಯಾಗಳ ಮರಳು ನೆಲದಲ್ಲಿ ಅದು ಮುಂಗಾಲುಗಳಿಂದ ಇಳಿಜಾರಾದ ಸುರಂಗ ತೋಡುತ್ತದೆ. ಕೆಲವು ಸುರಂಗಗಳು 12 ಮೀಟರ್ ಉದ್ದ, 3 ಮೀಟರ್ ಆಳ ಇರುತ್ತವೆ. ಬಾಯಿ ಅರ್ಧಚಂದ್ರದ ಆಕಾರ: ತಳ ಚಪ್ಪಟೆ, ಮೇಲೆ ಕಮಾನು. ಆಮೆಯ ಚಿಪ್ಪಿನ ಆಕಾರವೇ ಅಲ್ಲಿ ಅಚ್ಚೊತ್ತಿರುತ್ತದೆ. ಸುರಂಗದ ಅಗಲ ಹೆಚ್ಚುಕಡಿಮೆ ಆಮೆಯ ಉದ್ದದಷ್ಟಿರುತ್ತದೆ, ಒಳಗೆ ಎಲ್ಲಿ ಬೇಕಾದರೂ ಹಿಂದಿರುಗಿ ನಿಲ್ಲಲು ಆಗುವಂತೆ. ಬಾಯಿಯ ಅಗಲ ಅಳೆದರೆ ಒಳಗಿರುವ ಆಮೆ ಎಷ್ಟು ದೊಡ್ಡದು ಎಂದು ಅಂದಾಜು ಮಾಡಬಹುದು.

“ಇಂಥ ಸುರಂಗಗಳನ್ನು ಬಳಸುವ ಜೀವಿಗಳು ಎಷ್ಟು ಜಾತಿ ಗೊತ್ತೇ? 350ಕ್ಕೂ ಹೆಚ್ಚು. ಹಾವು, ಕಪ್ಪೆ, ಇಲಿ, ಜೀರುಂಡೆ, ಜೇಡ. ಅಲ್ಲಿನ ಪೈನ್ ಕಾಡುಗಳಿಗೆ ಆಗಾಗ ಬೆಂಕಿ ಬೀಳುತ್ತದೆ. ಮೇಲೆ ಕಾಡು ಉರಿಯುವಾಗ ಇವೆಲ್ಲ ಆಮೆಯ ಸುರಂಗದಲ್ಲಿ ಉಳಿದುಕೊಳ್ಳುತ್ತವೆ. ಆಮೆ ಹೋದರೆ ಅಷ್ಟೂ ಜೀವಿಗಳ ಆಸರೆ ಹೋಯಿತು.”

“ಗೂಬೆಯೂ ಹಾಗೆಯೇ ಬಾಡಿಗೆಯದೇ?”

“ಬಹುಮಟ್ಟಿಗೆ. ಫ್ಲಾರಿಡಾದ ಗೂಬೆಗಳು ತಾವೇ ತೋಡಿಕೊಳ್ಳುವುದುಂಟು. ಪಶ್ಚಿಮದ ಬಯಲುಗಳಲ್ಲಿರುವವು ಪ್ರೇರಿ ಡಾಗ್‌ಗಳು ಬಿಟ್ಟುಹೋದ ಬಿಲ ಸೇರುತ್ತವೆ. ಬಿಲದ ಬಾಯಿಯ ಸುತ್ತ ದನದ ಸಗಣಿ ತಂದು ಹರಡುತ್ತವೆ. ಯಾಕಿರಬಹುದು ಅಂತ ಬಹಳ ಕಾಲ ಪ್ರಶ್ನೆಯಾಗಿತ್ತು. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅದಕ್ಕೆ ಉತ್ತರ ಕೊಟ್ಟಿತು. ಸಗಣಿಗೆ ಸಗಣಿಹುಳು ಬರುತ್ತದೆ, ಗೂಬೆ ಬಾಗಿಲಲ್ಲೇ ಕೂತು ಅದನ್ನು ತಿನ್ನುತ್ತದೆ. ಮರಿಗಳಿಗೆ ಅಪಾಯ ಎದುರಾದರೆ ಬಿಲದೊಳಗಿನಿಂದ ಗಿಲಕಿ ಹಾವಿನಂತೆ ಸದ್ದು ಮಾಡುತ್ತವೆ. ಒಳಗೆ ಹಾವಿದೆ ಅಂತ ಬಂದವರು ಹಿಂದೆ ಸರಿಯುತ್ತಾರೆ.”

ಪ್ರೇರಿ ಡಾಗ್ ಹೆಸರಿನಲ್ಲಿ ನಾಯಿ ಇದ್ದರೂ ಅದು ಅಳಿಲಿನ ಕುಟುಂಬದ ಪ್ರಾಣಿ. ಅದರ ಬಿಲದಲ್ಲಿ ಗಾಳಿ ಹೇಗೆ ಓಡಾಡುತ್ತದೆ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಸ್ಟೀವನ್ ವೋಗಲ್ ಮತ್ತು ಸಂಗಡಿಗರು ವಿವರಿಸಿದರು. ಸುರಂಗದ ಒಂದು ಬಾಯಿಯ ಸುತ್ತ ಮಣ್ಣಿನ ದಿಬ್ಬ ತಗ್ಗಾಗಿರುತ್ತದೆ, ಇನ್ನೊಂದರದು ಎತ್ತರವಾಗಿರುತ್ತದೆ. ನೆಲಕ್ಕೆ ತಾಗಿ ಬೀಸುವ ಗಾಳಿ ನಿಧಾನ, ಸ್ವಲ್ಪ ಮೇಲೆ ವೇಗ ಹೆಚ್ಚು. ಎತ್ತರದ ಬಾಯಿಯ ಮೇಲೆ ಗಾಳಿ ಜೋರಾಗಿ ಹಾಯ್ದಾಗ ಒಳಗಿನ ಗಾಳಿಯನ್ನು ಸೆಳೆಯುತ್ತದೆ, ತಗ್ಗಿನ ಬಾಯಿಯಿಂದ ಹೊಸ ಗಾಳಿ ಒಳಬರುತ್ತದೆ. ಅತಿ ಮೆಲುಗಾಳಿಯಲ್ಲೂ ಈ ಏರ್ಪಾಡು ಕೆಲಸ ಮಾಡುತ್ತದೆ.

“ಹಾಗಾದರೆ ನಾಮಪದಕ್ಕೆ ‘ಬಿಲ’ ಎಂಬುದೇ ಸರಿ,” ಅಂದಳು ಅನುವಾದಕಿ. “ಕಷ್ಟವಿರುವುದು ಕ್ರಿಯಾಪದದಲ್ಲಿ. ಎರೆಹುಳು ಬಿಲ ತೋಡುತ್ತದೆ ಅಂದರೆ ಕಿವಿಗೆ ಒಗ್ಗುವುದಿಲ್ಲ.”

“ಒಗ್ಗುವುದಿಲ್ಲ ಯಾಕೆಂದರೆ ತೋಡುವುದಕ್ಕೆ ಕೈಕಾಲು ಬೇಕು, ಮಣ್ಣು ಹೊರಕ್ಕೆ ಬರಬೇಕು. ಎರೆಹುಳು ಮಣ್ಣನ್ನು ತಿನ್ನುತ್ತಾ, ಒತ್ತರಿಸುತ್ತಾ ಒಳಗೆ ಸಾಗುತ್ತದೆ. ‘ಮಣ್ಣು ಕೊರೆದುಕೊಂಡು ಹೋಗುತ್ತದೆ’ ಅನ್ನು. ಡಾರ್ವಿನ್ ತನ್ನ ಕೊನೆಯ ಪುಸ್ತಕ ಬರೆದದ್ದು ಎರೆಹುಳುವಿನ ಮೇಲೆ, 1881ರಲ್ಲಿ. ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಅಂತ ಲೆಕ್ಕ ಹಾಕಿದ್ದ. ಅವು ರಾತ್ರಿ ಎಲೆಗಳನ್ನು ಎಳೆದು ತಮ್ಮ ರಂಧ್ರದ ಬಾಯಿ ಮುಚ್ಚಿಕೊಳ್ಳುತ್ತವೆ. ಎಲೆಯ ಯಾವ ತುದಿ ಚೂಪೋ ಆ ತುದಿ ಹಿಡಿದು ಎಳೆಯುವುದೇ ಹೆಚ್ಚು ಎಂದು ತೋರಿಸಲು ಅವನು ಕಾಗದದ ತ್ರಿಕೋನಗಳನ್ನು ಕತ್ತರಿಸಿ ಹಾಕಿ ಪರೀಕ್ಷೆ ಮಾಡಿದ.”

“ಪಶ್ಚಿಮ ಘಟ್ಟದ ಕೆಲವು ಹಾವುಗಳಿಗೂ ಇದೇ ಕ್ರಿಯಾಪದ ಬಂದಿದೆ.”

“ಗುರಾಣಿಬಾಲದ ಹಾವುಗಳು. ಅವು ನಾಗರದಂತೆ ಅಲ್ಲ, ಮಣ್ಣೊಳಗೇ ಬಾಳುವಂಥವು. ಚೂಪು ಮೂತಿಯಿಂದ ಸಡಿಲ ಮಣ್ಣನ್ನು ಸೀಳಿಕೊಂಡು ಸಾಗುತ್ತವೆ, ಎರೆಹುಳು ತಿನ್ನುತ್ತವೆ. ಅಲ್ಲಿ ‘ಮಣ್ಣೊಳಗೆ ತೂರಿಕೊಳ್ಳುತ್ತದೆ’ ಅನ್ನಬೇಕು. ಕೇರಳದಲ್ಲಿ 2003ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟ ನೇರಳೆ ಕಪ್ಪೆಯನ್ನು ನೋಡು. ಹಿಂಗಾಲುಗಳಿಂದ ಮಣ್ಣು ಬಗೆದು ಹಿಮ್ಮುಖವಾಗಿ ಇಳಿದು ಹೂತುಕೊಳ್ಳುತ್ತದೆ. ವರ್ಷದಲ್ಲಿ ಮಳೆ ಹಿಡಿದಾಗ ಕೆಲವೇ ದಿನ ಮೇಲೆ ಬಂದು ಜೋಡಿಯಾಗಿ ಮತ್ತೆ ಒಳಗೆ. ಅದಕ್ಕೆ ‘ಹೂತುಕೊಳ್ಳುತ್ತದೆ’. ಒಂದು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ತೋಡು, ಬಗೆ, ಕೊರೆ, ತೂರು, ಹೂತುಕೋ ಅಂತ ಇಷ್ಟೊಂದು ಇರುವಾಗ ಒಂದನ್ನೇ ಯಾಕೆ ಹಿಡಿದುಕೊಳ್ಳುತ್ತೀಯ? ಪ್ರಾಣಿಯ ಮೈ ನೋಡು, ಕ್ರಿಯಾಪದ ತಾನಾಗಿ ಸಿಗುತ್ತದೆ.”

ಮೈ ನೋಡಬೇಕು ಎನ್ನುವುದಕ್ಕೆ ಮೇಷ್ಟ್ರು ಉದಾಹರಣೆಗಳನ್ನು ಪೋಣಿಸಿದರು. ಆಸ್ಟ್ರೇಲಿಯಾದ ವೊಂಬ್ಯಾಟ್‌ನ ಹೊಟ್ಟೆಚೀಲದ ಬಾಯಿ ಹಿಂದಕ್ಕೆ ತೆರೆದುಕೊಂಡಿದೆ, ತಾಯಿ ತೋಡುವಾಗ ಮರಿಯ ಮೇಲೆ ಮಣ್ಣು ಬೀಳುವುದಿಲ್ಲ. ಪೂರ್ವ ಆಫ್ರಿಕಾದ ಬೋಳು ಮೋಲ್ ಇಲಿ ಹಲ್ಲಿನಿಂದ ಮಣ್ಣು ಕೊರೆಯುತ್ತದೆ. ಅದರ ತುಟಿಗಳು ಬಾಚಿಹಲ್ಲುಗಳ ಹಿಂದೆ ಮುಚ್ಚಿಕೊಳ್ಳುತ್ತವೆ, ಹಲ್ಲು ಕೆಲಸ ಮಾಡುತ್ತಿದ್ದರೂ ಬಾಯಿಗೆ ಮಣ್ಣು ಹೋಗುವುದಿಲ್ಲ.

ಹಡಗಿನ ಹುಳುವಿನ ಪುಟ ಬಂತು. ಹುಳು ಎನ್ನುವುದು ಹೆಸರಿಗೆ ಮಾತ್ರ. ಅದು ಮರವಾಯಿ, ಕಪ್ಪೆಚಿಪ್ಪುಗಳ ಬಂಧು. ತಲೆಯ ಕಡೆ ಉಳಿದಿರುವ ಎರಡು ಪುಟ್ಟ ಚಿಪ್ಪುಗಳಿಂದ ನೀರಿನಲ್ಲಿರುವ ಮರವನ್ನು ಅರೆಯುತ್ತಾ ಸಾಗುತ್ತದೆ, ಹಿಂದೆ ಉಳಿಯುವ ಸುರಂಗದ ಗೋಡೆಗೆ ಸುಣ್ಣದ ಪದರ ಬಳಿಯುತ್ತಾ ಹೋಗುತ್ತದೆ.

“ಮಾರ್ಕ್ ಬ್ರುನೆಲ್ ಎಂಬ ಇಂಜಿನಿಯರ್ ಇದನ್ನು ಗಮನಿಸಿ ಸುರಂಗ ಕೊರೆಯುವ ಕವಚದ ಕಲ್ಪನೆ ಪಡೆದ ಅಂತ ಹೇಳುತ್ತಾರೆ,” ಅಂದರು ಮೇಷ್ಟ್ರು. “1818ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕೆಲಸಗಾರರು ಕಬ್ಬಿಣದ ಚೌಕಟ್ಟಿನ ಮರೆಯಲ್ಲಿ ನಿಂತು ಮುಂದಿನ ಮಣ್ಣು ತೆಗೆಯುವುದು, ಚೌಕಟ್ಟನ್ನು ಮುಂದೆ ತಳ್ಳುವುದು, ಹಿಂದೆ ಇಟ್ಟಿಗೆಯ ಗೋಡೆ ಕಟ್ಟುತ್ತಾ ಬರುವುದು. ಆ ಉಪಾಯದಿಂದ ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ 1825ರಲ್ಲಿ ಶುರುವಾದ ಸುರಂಗ 1843ರಲ್ಲಿ ಜನರಿಗೆ ತೆರೆಯಿತು. ಇವತ್ತಿಗೂ ಅದರಲ್ಲಿ ರೈಲು ಓಡುತ್ತದೆ. ನಮ್ಮ ಬೆಂಗಳೂರು ಮೆಟ್ರೋದ ಸುರಂಗ ಕೊರೆದ ಯಂತ್ರಗಳೂ ಮುಂದೆ ಕೊರೆದು ಹಿಂದೆ ಕಾಂಕ್ರೀಟಿನ ಬಳೆ ಜೋಡಿಸುತ್ತಾ ಬರುವಂಥವೇ.”

ಕಜ್ಜಿಹುಳುವಿನದು ಇನ್ನೂ ಸಣ್ಣ ಲೋಕ. ಹೆಣ್ಣುಹುಳು ಮನುಷ್ಯನ ಚರ್ಮದ ಮೇಲ್ಪದರದೊಳಗೆ ಕೊರೆದುಕೊಂಡು ಹೋಗಿ, ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಸಾಗುತ್ತದೆ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಕಾಣುವ ಬೂದುಬಣ್ಣದ ಕಿರಿದಾದ ವಕ್ರಗೆರೆಯನ್ನು ಚರ್ಮವೈದ್ಯರು ‘ಬರೋ’ ಎಂದೇ ಕರೆಯುತ್ತಾರೆ. ಮಣ್ಣಿಲ್ಲದ ಕಡೆಗೂ ಆ ಪದ ಹೀಗೆ ಬಂದು ಸೇರಿತು. “ಇಲ್ಲಿ ಬಿಲ ಅಂದರೆ ಓದುವವರಿಗೆ ಮೈ ಜುಮ್ಮೆನ್ನುತ್ತದೆ. ‘ಕೊರೆದ ಜಾಡು’ ಸಾಕು,” ಅಂದರು ಮೇಷ್ಟ್ರು.

“ಭೂವಿಜ್ಞಾನದ ಅಧ್ಯಾಯದಲ್ಲೂ ಜಾಡು ಅಂತಲೇ ಹಾಕಿದ್ದೇನೆ ಸರ್. ಕಲ್ಲಾಗಿ ಉಳಿದ ಬಿಲಗಳು.”

ಮೇಷ್ಟ್ರ ದನಿ ಏರಿತು. “ಅದು ನನಗೆ ಅತ್ಯಂತ ಪ್ರಿಯವಾದ ವಿಷಯ. ಭೂಮಿಯ ಚರಿತ್ರೆಯಲ್ಲಿ ಕೇಂಬ್ರಿಯನ್ ಯುಗ ಎಲ್ಲಿಂದ ಶುರು ಅಂತ ಗುರುತಿಸುವುದು ಒಂದು ಹಲ್ಲಿನಿಂದಲ್ಲ, ಮೂಳೆಯಿಂದಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಫಾರ್ಚೂನ್ ಹೆಡ್ ಎಂಬಲ್ಲಿ, ಕಡಲ ಅಂಚಿನ ಬಂಡೆಯಲ್ಲಿ ಒಂದು ಜಾಡು ಮೊದಲು ಕಾಣಿಸಿಕೊಳ್ಳುವ ಪದರವನ್ನೇ 1992ರಲ್ಲಿ ಗಡಿಯೆಂದು ಒಪ್ಪಿಕೊಂಡರು. ಸುಮಾರು 54 ಕೋಟಿ ವರ್ಷದ ಹಿಂದೆ ಹುಳುವಿನಂಥ ಜೀವಿಯೊಂದು ಸಮುದ್ರದ ತಳದ ಕೆಸರಿನಲ್ಲಿ ಕೆಳಕ್ಕೆ, ಮೇಲಕ್ಕೆ, ಮತ್ತೆ ಕೆಳಕ್ಕೆ ಕೊರೆದ ದಾರಿ. ‘ಟ್ರೆಪ್ಟಿಕ್ನಸ್ ಪೆಡಮ್’ ಅಂತ ಹೆಸರಿಟ್ಟಿರುವುದು ಪ್ರಾಣಿಗಲ್ಲ, ಆ ದಾರಿಗೆ. ಅಲ್ಲಿಯವರೆಗೆ ಜೀವಿಗಳು ಬಹುಪಾಲು ತಳದ ಮೇಲೆಯೇ ಹರಿದಾಡುತ್ತಿದ್ದವು. ಒಳಕ್ಕೆ ಕೊರೆಯತೊಡಗಿದ ಮೇಲೆ ಕೆಸರಿಗೆ ಆಮ್ಲಜನಕ ಇಳಿಯಿತು, ಕಡಲ ತಳದ ಬದುಕೇ ಬದಲಾಯಿತು.”

ಡೈನೋಸಾರ್‌ಗಳಲ್ಲೂ ಬಿಲವಾಸಿ ಇತ್ತು ಎಂದು 2007ರಲ್ಲಿ ತಿಳಿಯಿತು. ಅಮೆರಿಕದ ಮಾಂಟಾನಾದಲ್ಲಿ ಮರಳು ತುಂಬಿ ಕಲ್ಲಾದ ಸುರಂಗದ ಕೊನೆಯಲ್ಲಿ ಒಂದು ದೊಡ್ಡ, ಎರಡು ಎಳೆಯ ಡೈನೋಸಾರ್‌ಗಳ ಮೂಳೆಗಳು ಒಟ್ಟಿಗೇ ಸಿಕ್ಕವು. ಸುಮಾರು ಒಂಬತ್ತೂವರೆ ಕೋಟಿ ವರ್ಷದ ಹಿಂದಿನವು. ‘ಓರಿಕ್ಟೊಡ್ರೋಮಿಯಸ್’ ಎಂಬ ಅದರ ಹೆಸರಿಗೆ ತೋಡುವ ಓಟಗಾರ ಎಂದು ಅರ್ಥ. ದೊಡ್ಡದು, ಮರಿಗಳು ಒಂದೇ ಬಿಲದಲ್ಲಿ ಇದ್ದದ್ದರಿಂದ ಆ ಪ್ರಾಣಿ ಮರಿಗಳನ್ನು ಸಾಕುತ್ತಿತ್ತು ಎಂದು ಊಹಿಸಲು ದಾರಿಯಾಯಿತು.

ಗದ್ದೆಯಿಂದ ಹಿಂದಿರುಗುವಾಗ ಅನುವಾದಕಿ ಕೊನೆಯ ಅಧ್ಯಾಯ ಎತ್ತಿಕೊಂಡಳು. ಅದು ಮನುಷ್ಯರಿಗೆ ಸಂಬಂಧಿಸಿದ್ದು. ಚಳಿಗೆ ಮಗು ಕಂಬಳಿಯೊಳಗೆ ‘ಬರೋ’ ಆಗುತ್ತದೆ, ಸಂಶೋಧಕ ಹಳೆಯ ಕಡತಗಳೊಳಗೆ ‘ಬರೋ’ ಆಗುತ್ತಾನೆ. ಅಮೆರಿಕದ ರಾಜಕೀಯದಲ್ಲಿ ಅಧ್ಯಕ್ಷರು ನೇಮಿಸಿಕೊಂಡ ತಾತ್ಕಾಲಿಕ ಅಧಿಕಾರಿ, ಸರಕಾರ ಬದಲಾಗುವ ಮೊದಲೇ ಕಾಯಂ ಹುದ್ದೆಗೆ ಸೇರಿಕೊಂಡರೆ ಅದನ್ನೂ ‘ಬರೋಯಿಂಗ್ ಇನ್’ ಎನ್ನುತ್ತಾರೆ.

“ಮಗುವಿಗೆ ‘ಹುದುಗಿಕೊಂಡಿತು’ ಅನ್ನಮ್ಮ, ಅದಕ್ಕಿಂತ ಒಳ್ಳೆಯದು ಸಿಗಲಾರದು. ಸಂಶೋಧಕನಿಗೆ ‘ಮುಳುಗಿದ’ ಅಥವಾ ‘ಜಾಲಾಡಿದ’. ಅಧಿಕಾರಿಗೆ ನಮ್ಮವರು ‘ಬೇರು ಬಿಟ್ಟ’ ಅಂತಾರೆ.”

“ಅದೇ ಅಧ್ಯಾಯದಲ್ಲಿ ಲೇಖಕ ಕಾಫ್ಕಾನ ಕಥೆಯೊಂದರ ಮಾತಿದೆ, ಅದಕ್ಕೆ?”

“ಅವನು ಸಾಯುವ ಕೆಲವು ತಿಂಗಳ ಹಿಂದೆ, 1923–24ರ ಚಳಿಗಾಲದಲ್ಲಿ ಬರೆದದ್ದು. ಇಂಗ್ಲಿಷಿನಲ್ಲಿ ‘ದ ಬರೋ’ ಅಂತ ಬಂತು. ಜರ್ಮನ್ ಹೆಸರು ‘ಡೇರ್ ಬೌ’. ಬೌ ಅಂದರೆ ಬಿಲವೂ ಹೌದು, ಕಟ್ಟಡವೂ ಹೌದು. ತಾನು ಕಟ್ಟಿದ್ದು ಭದ್ರವೇ ಎಂಬ ಚಿಂತೆಯಲ್ಲೇ ಕಥೆಯೊಳಗಿನ ಪ್ರಾಣಿ ನವೆಯುತ್ತದೆ. ಕಥೆಯ ತುಂಬ ಕಟ್ಟುವ ಮಾತೇ ಇದೆ. ಹಾಗಾಗಿ ಬಿಲ ಅಂದಾಗ ತೂತು ಕಣ್ಣಿಗೆ ಬರಬಾರದು, ಕಟ್ಟಿದ ಮನೆ ಬರಬೇಕು. ತೋಡುವುದೂ ಕಟ್ಟುವ ಕೆಲಸವೇ. ಮಣ್ಣು ತೆಗೆದು ಕಟ್ಟುತ್ತಾರೆ, ಅಷ್ಟೇ ವ್ಯತ್ಯಾಸ.”

ಅನುವಾದಕಿ ತೀರ್ಮಾನಗಳನ್ನು ಹಸ್ತಪ್ರತಿಯ ಹಿಂಬದಿಯಲ್ಲಿ ಬರೆದುಕೊಂಡಳು. ಜೀವಿ ತಾನೇ ಮಾಡಿಕೊಂಡು ವಾಸಿಸುವ ಕಡೆ ಬಿಲ. ಇನ್ನೊಬ್ಬರದ್ದನ್ನು ಬಳಸುವ ಕಡೆ, ತೋಡಿದವರ ಹೆಸರನ್ನೂ ಹೇಳುವುದು. ಕ್ರಿಯಾಪದವನ್ನು ಪ್ರಾಣಿಯ ಮೈ ನೋಡಿ ಆರಿಸುವುದು. ಮೊಲದ ಚಿತ್ರ ಎರಡು ಹಾಕುವುದು, ಬಿಲದಲ್ಲಿರುವ ಯುರೋಪಿನದ್ದು ಒಂದು, ಹುಲ್ಲಿನಲ್ಲಿ ಮಲಗುವ ನಮ್ಮದು ಇನ್ನೊಂದು.

ಇಂಗ್ಲಿಷಿನಿಂದ ಬರುವ ಮಕ್ಕಳ ಪುಸ್ತಕಗಳಲ್ಲಿ ಪ್ರಾಣಿಲೋಕದ ಪಾಲು ದೊಡ್ಡದು. ಅವುಗಳನ್ನು ಅನುವಾದಿಸುವವರು, ಪ್ರಕಟಿಸುವವರು ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು ಪ್ರಾಣಿಶಾಸ್ತ್ರ ಬಲ್ಲ ಒಬ್ಬರಿಗೆ, ಹೊಲಗದ್ದೆ ಬಲ್ಲ ಇನ್ನೊಬ್ಬರಿಗೆ ಓದಿಸಬೇಕು. ಅದಕ್ಕೆ ತಗಲುವುದು ಒಂದೆರಡು ವಾರ. ತಪ್ಪು ಅಚ್ಚಾದರೆ ಮಕ್ಕಳು ಅದನ್ನು ನಿಜವೆಂದು ಕಲಿಯುತ್ತಾರೆ, ತಿದ್ದಲು ಮುಂದಿನ ಮುದ್ರಣದವರೆಗೆ ಕಾಯಬೇಕು.